ಕೊನೆಯ ಪುಟದ ಅಮ್ಮ

ಇಂಚರಾ, ಚಿರೂ,

ನೀವಿಬ್ಬರೂ ಶಾಲೆಗೆ ಹೋದ ಮೇಲೆ, ಒಗೆದ ಬಟ್ಟೆ ಹರವಿ ಬಂದು, ಅಡುಗೆಮನೆಯ ಕಿಟಕಿಯ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ. ಒಂದೇ ಮನೆಯಲ್ಲಿದ್ದುಕೊಂಡು, ನಿಮ್ಮ ಪಕ್ಕದಲ್ಲೇ ಮಲಗುವ ಅಜ್ಜಿ ಬರೆದು ಹೇಳುವಂಥದ್ದೇನಿದೆ ಎಂದು ನಿಮಗೆ ಅನ್ನಿಸಬಹುದು. ನಾನು ಮೊದಲಿನಿಂದಲೂ ಹೀಗೆಯೇ. ನಾಲ್ಕು ಜನ ಕೂತ ಕಡೆ ಬಾಗಿಲ ಹಿಂದೆ ನಿಲ್ಲುವವಳು. ತೀರಿಹೋದ ನಿಮ್ಮ ತಾತನ ಹತ್ತಿರ ಕೂಡ ಬೇಕಾದ್ದನ್ನು ಬಾಯಿಬಿಟ್ಟು ಕೇಳಿದವಳಲ್ಲ. ಯಲ್ಲದಕೆರೆಯ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದೇನೆ. ನನ್ನ ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಬಾಯಿಗೆ ಬಾರದ್ದು ಕೈಗಾದರೂ ಬರಲಿ ಎಂದು ಕೂತಿದ್ದೇನೆ.

ಕಳೆದ ವಾರ ಯಲ್ಲದಕೆರೆಗೆ ಹೋಗಿ ಬಂದೆನಲ್ಲ. ನಮ್ಮ ಮನೆಯ ಹೆಂಚು ಸರಿದು ಮಳೆ ನೀರು ಒಳಗೆ ಬರುತ್ತಿದೆ ಎಂದು ಫೋನ್ ಬಂದಿತ್ತು. ಬಸ್ಸಿಳಿದು ಊರ ಹಿಂದಿನ ದಾರಿಯಲ್ಲಿ ನಡೆಯುತ್ತಿದ್ದೆ. ಮಳೆಯಲ್ಲಿ ನೆನೆದ ಕುರಿಗಳ ವಾಸನೆ ಬಂತು. ಹಸಿ ಉಣ್ಣೆ, ಹಿಕ್ಕೆ, ಹಾಲು ಎಲ್ಲ ಸೇರಿದ ವಾಸನೆ. ನಮ್ಮ ನೆರೆಯ ಈರಮ್ಮನ ರೊಪ್ಪ ಅಲ್ಲೇ ಇದೆ, ಜಾಲಿಮುಳ್ಳಿನ ಬೇಲಿ ಹಾಕಿ ಕುರಿ ಕೂಡುವ ಅದೇ ಜಾಗ. ಮೂಲೆಯಲ್ಲಿ ದೊಡ್ಡ ಬಿದಿರಿನ ಮಂಕರಿಗಳನ್ನು ಬೋರಲು ಹಾಕಿದ್ದರು. ಒಳಗಿನಿಂದ ಎಳೆ ಮರಿಗಳು ಕೂಗುತ್ತಿದ್ದವು. ಕೊಡೆ ಹಿಡಿದುಕೊಂಡು ಎಷ್ಟು ಹೊತ್ತು ಅಲ್ಲಿ ನಿಂತಿದ್ದೆನೋ.

ನೀವಿಬ್ಬರೂ ನನ್ನ ಜೊತೆ ಅಲ್ಲಿದ್ದ ಆ ಮಳೆಗಾಲ ಚಿರುವಿಗೆ ನೆನಪಿರಲಾರದು. ಆಗ ಅವನಿನ್ನೂ ಚಡ್ಡಿ ಹಾಕಿಸಿಕೊಳ್ಳಲು ಅಳುವ ಮಗು. ಇಂಚರಾ, ನೀನು ಮರೆತಿಲ್ಲ. ಮರೆತಿಲ್ಲವೆಂದು ನನಗೆ ಗೊತ್ತಿರುವುದರಿಂದಲೇ ಬರೆಯಬೇಕಾಗಿದೆ.

ಆ ವರ್ಷ ನಮ್ಮ ಸೀಮೆಯಲ್ಲಿ ಯಾರೂ ಕಾಣದಂಥ ಮಳೆ. ಮೋಡ ನೋಡಿ ನೋಡಿ ಕುತ್ತಿಗೆ ನೋಯಿಸಿಕೊಳ್ಳುವ ಜನ ಆ ಸಲ ಮಳೆ ನಿಂತರೆ ಸಾಕಪ್ಪ ಎಂದು ಬೇಡಿಕೊಂಡರು. ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿತ್ತೆಂದು ಟ್ರ್ಯಾಕ್ಟರು, ಆಟೊ, ಬೈಕು ಹತ್ತಿ ಊರಿಗೆ ಊರೇ ನೋಡಲು ಹೋಯಿತು. ನಮ್ಮ ಹೊಲದ ಈರುಳ್ಳಿ ಗಡ್ಡೆ ಕಟ್ಟುವ ಹೊತ್ತಿಗೆ ನೀರು ನಿಂತು ಮಣ್ಣಿನಲ್ಲೇ ಕೊಳೆಯಿತು. ಅದರ ನಾತ ಮನೆಯೊಳಗಿನವರೆಗೆ ಬರುತ್ತಿತ್ತು. ಈರುಳ್ಳಿಗಾಗಿ ಅಳಲು ಆ ವರ್ಷ ನನಗೆ ಪುರುಸೊತ್ತಿರಲಿಲ್ಲ.

ನಿಮ್ಮ ಅಮ್ಮ ಮಂಜುಳ ನನಗೆ ಒಬ್ಬಳೇ ಮಗಳು. ಮುಂಗಾರು ಶುರುವಾಗುವಾಗ ಅವಳಿಗೆ ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ ಬರತೊಡಗಿತು, ಮೈಮೇಲೆ ಎಲ್ಲೆಂದರಲ್ಲಿ ನೀಲಿ ಕಲೆಗಳೆದ್ದವು. ಚಿತ್ರದುರ್ಗದಲ್ಲಿ ತೋರಿಸಿದರು. ರಕ್ತ ಪರೀಕ್ಷೆ ಮಾಡಿ, ತಡ ಮಾಡದೆ ದಾವಣಗೆರೆಗೆ ಹೋಗಿ ಎಂದರು. ರಕ್ತದಲ್ಲೇ ಹುಟ್ಟುವ ಕಾಯಿಲೆಯಂತೆ. ಅದರ ಹೆಸರನ್ನು ನಿಮ್ಮಪ್ಪ ಪರಮೇಶ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವನು ಹೊಳಲ್ಕೆರೆಯಿಂದ ನಿಮ್ಮಿಬ್ಬರನ್ನು ಕರೆತಂದ ದಿನ ಮೂವರೂ ಮಳೆಗೆ ತೊಯ್ದು ತೊಪ್ಪೆಯಾಗಿದ್ದಿರಿ.

"ಅತ್ತೆ, ಇವ್ರನ್ನ ಅಲ್ಲಿಗೆ ಕರ್ಕಂಡು ಹೋಗಂಗಿಲ್ಲ," ಎಂದ. "ಮಕ್ಳಿಗೆ ಒಂದು ನೆಗಡಿ ಇದ್ರೂ ಅವ್ಳಿಗೆ ತಡ್ಕಳಾಕಾಗಲ್ವಂತೆ. ಹೊಸದುರ್ಗದಿಂದ ನಮ್ಮಕ್ಕ ಬಂದವ್ಳೆ, ಅವ್ಳ ಹತ್ರ ಇರ್ತಾಳೆ. ಈ ಮಳೇಗೆ ದಿನಾ ಕರೆಂಟ್ ಕಂಬ ಬೀಳ್ತಾವೆ, ಲೈನ್‌ಮನ್‌ಗೆ ಯಾರು ರಜ ಕೊಡ್ತಾರೆ? ಮಕ್ಳನ್ನ ನೀವೇ ನೋಡ್ಕಬೇಕು."

ನಾನು ಮಗಳ ಹತ್ತಿರ ಇರುತ್ತೇನೆ, ಮಕ್ಕಳನ್ನು ನಿಮ್ಮಕ್ಕ ನೋಡಿಕೊಳ್ಳಲಿ ಎನ್ನುವ ಮಾತು ನನ್ನ ಗಂಟಲವರೆಗೆ ಬಂತು. ಆದರೆ ದೊಡ್ಡ ಆಸ್ಪತ್ರೆಯಲ್ಲಿ ಯಾವ ಕಿಟಕಿಯಲ್ಲಿ ನಿಲ್ಲಬೇಕು, ಯಾರನ್ನು ಏನು ಕೇಳಬೇಕು ಎಂದು ನನಗೆ ತಿಳಿಯದು. ನಿಮ್ಮ ಸೋದರತ್ತೆ ಅಂಗನವಾಡಿ ಟೀಚರು, ನಾಲ್ಕು ಕಡೆ ಓಡಾಡಿದವಳು. ಮಂಜುಳನ ಪಕ್ಕ ಇರಬೇಕಾದವಳು ಅವಳೇ. ನಾನು ತಲೆಯಾಡಿಸಿ ನಿಮ್ಮ ತಲೆ ಒರೆಸಲು ಟವೆಲು ತಂದೆ.

ಇಂಚರಾ, ನಿನ್ನ ಬೆನ್ನಿಗೊಂದು ಬ್ಯಾಗಿತ್ತು. ಬಟ್ಟೆಯೆಂದುಕೊಂಡು ಬಿಚ್ಚಿದರೆ ಪುಸ್ತಕಗಳು. ಮಕ್ಕಳಿಗೆ ನೀತಿ ಹೇಳುವ ಚಿತ್ರದ ಪುಸ್ತಕಗಳು. ನಿಮ್ಮಮ್ಮ ದುರ್ಗಕ್ಕೆ ಹೋದಾಗಲೆಲ್ಲ ಒಂದೊಂದು ತಂದು ಕೂಡಿಸಿದ್ದಳು. ನಮ್ಮ ಕಾಲದಲ್ಲಿ ನೀತಿಯನ್ನು ಮೇಷ್ಟ್ರು ಬೆತ್ತದಲ್ಲಿ ಹೇಳುತ್ತಿದ್ದರು, ಬಣ್ಣದ ಚಿತ್ರವನ್ನು ನಾವು ಕಾಣುತ್ತಿದ್ದುದು ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರ. ಈ ಪುಸ್ತಕಗಳ ಹಾಳೆ ಎಷ್ಟು ನುಣುಪೆಂದರೆ, ನನ್ನ ಒರಟು ಕೈ ತಾಗಿ ಗೀರು ಬಿದ್ದೀತೆಂದು ಸೆರಗಿನಲ್ಲಿ ಕೈ ಒರೆಸಿಕೊಂಡು ಮುಟ್ಟುತ್ತಿದ್ದೆ. ಒಂದರಲ್ಲಿ ತನ್ನ ಪಾಲಿನ ಕಡಲೆಕಾಯಿಯನ್ನು ತಂಗಿಗೆ ಕೊಟ್ಟ ಅಳಿಲು. ಒಂದರಲ್ಲಿ ಜೇನಿನ ಗಡಿಗೆ ಒಡೆದವನು ತಾನೇ ಎಂದು ಒಪ್ಪಿಕೊಂಡ ಕರಡಿಮರಿ. ಇನ್ನೊಂದರಲ್ಲಿ ಇರುವೆಗೂಡು ತುಳಿದು, ಆಮೇಲೆ ಸೊಂಡಿಲು ಬಗ್ಗಿಸಿ ತಪ್ಪಾಯಿತು ಎಂದ ಆನೆಮರಿ. ದಾರಿ ತಪ್ಪಿದ ಕೋಳಿಮರಿಯನ್ನು ಲಂಗದ ಮಡಿಲಲ್ಲಿ ಹೊತ್ತು, ಊರೆಲ್ಲ ಸುತ್ತಿ, ಅದರ ತಾಯಿಗೆ ಒಪ್ಪಿಸಿದ ಹುಡುಗಿಯ ಪುಸ್ತಕವೆಂದರೆ ನಿನಗೆ ಜೀವ. ಅದರ ಮೂಲೆಗಳು ಮೆತ್ತಗಾಗಿ ಮಡಚಿಹೋಗಿದ್ದವು.

ಎಲ್ಲ ಪುಸ್ತಕಗಳ ಕೊನೆಯ ಪುಟದಲ್ಲೂ ಹಳದಿ ಚೌಕದೊಳಗೆ ಒಂದು ಸಾಲಿನ ನೀತಿ. ಅದರ ಮೇಲೆ ಪುಟದ ತುಂಬ ಒಂದು ಚಿತ್ರ. ಒಳ್ಳೆಯದು ಮಾಡಿದ ಮರಿಯನ್ನು ಅದರ ಅಮ್ಮ ಅಪ್ಪಿಕೊಂಡಿರುತ್ತಾಳೆ. ಅಳಿಲಿಗೆ ಅಳಿಲಮ್ಮ, ಕರಡಿಗೆ ಕರಡಿಯಮ್ಮ, ಆ ಹುಡುಗಿಗೆ ಕೆಂಪು ಸೀರೆಯ ಅಮ್ಮ. ನಾನು ಮೊದಮೊದಲು ಅದನ್ನು ಗಮನಿಸಿರಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ನಿಮ್ಮಮ್ಮನ ಫೋನ್ ಬರುತ್ತಿತ್ತು. ನೀನು ಪುಸ್ತಕ ತೆರೆದು ಕೂರುತ್ತಿದ್ದೆ. ಅವಳ ಕೈಯಲ್ಲಿ ಪುಸ್ತಕವಿಲ್ಲ, ಆದರೂ ಒಂದಕ್ಷರ ತಪ್ಪದೆ ಹೇಳುತ್ತಿದ್ದಳು. "ಈಗ ಪುಟ ತಿರುವು" ಎಂದರೆ ನೀನು ತಿರುವುತ್ತಿದ್ದೆ. ಚಿರು ಫೋನಿಗೆ ಮುತ್ತು ಕೊಟ್ಟೂ ಕೊಟ್ಟೂ ಅದನ್ನೆಲ್ಲ ಜೊಲ್ಲು ಮಾಡುತ್ತಿದ್ದ. ಒಂದು ಸಂಜೆ "ಈಗ ಪುಟ ತಿರುವು" ಎಂದವಳು ಮುಂದೆ ಹೇಳಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು. ನೀನು ಪುಟ ತಿರುವಿ, ಬೆರಳನ್ನು ಮೊದಲ ಅಕ್ಷರದ ಮೇಲಿಟ್ಟುಕೊಂಡು ಕಾಯುತ್ತಾ ಕೂತೆ. ನಿಮ್ಮ ಸೋದರತ್ತೆ ಫೋನ್ ತೆಗೆದುಕೊಂಡು, "ಅಮ್ಮಂಗೆ ಸುಸ್ತಾಗೈತೆ ಪುಟ್ಟಿ, ನಾಳೆ ಹೇಳ್ತಾಳೆ" ಎಂದಳು.

ಆ ನಾಳೆ ಬರಲಿಲ್ಲ. ಓದುವ ಕೆಲಸ ನನಗೆ ಬಂತು. ನಾನು ಒತ್ತಕ್ಷರಗಳನ್ನು ಬಿಡಿಸಿಕೊಂಡು ನಿಧಾನವಾಗಿ ಓದಿದರೆ ನಿನಗೆ ನಗು.

"ಅಜ್ಜಿ, ನೀನು ಬಸ್ಸಿನ ಬೋರ್ಡ್ ಓದ್ದಂಗೆ ಓದ್ತೀಯ. ಹಿ-ರಿ-ಯೂ-ರು ಅಂತ."

"ಹೂಂ ಕಣವ್ವ, ಕನ್ನಡಕ ಹಾಕ್ಕಂಡು ಓದಾ ಬಸ್ಸು ಲೇಟಾಗೇ ಹೋಗೋದು."

ಒಂದು ದಿನ ನಿನಗೂ ತಮ್ಮನಿಗೂ ಶೇಂಗಾ ಉಂಡೆ ಕೊಟ್ಟೆ. ನೀನು ನಿನ್ನದನ್ನೂ ಅವನ ಕೈಗಿಟ್ಟೆ. ಅದಕ್ಕೂ ಹಿಂದಿನ ದಿನ ನಿನ್ನ ಬೆಲ್ಲದಚ್ಚು ಅವನ ಪಾಲಾಗಿತ್ತು.

"ನಿಂದು ನೀನು ತಿನ್ನವ್ವ," ಎಂದೆ.

"ಬ್ಯಾಡ ಅಜ್ಜಿ. ಅಮ್ಮ ಬರ್ಬೇಕಲ್ಲ."

"ಉಂಡೆಗೂ ಅಮ್ಮ ಬರಾಕೂ ಏನವ್ವ?"

ನೀನು ಎದ್ದು ಹೋಗಿ ಅಳಿಲಿನ ಪುಸ್ತಕದ ಕೊನೆಯ ಪುಟ ತೆರೆದು ತೋರಿಸಿದೆ. ಆಮೇಲೆ ಕರಡಿಯದು, ಆನೆಯದು, ಹುಡುಗಿಯದು. ನೆಲದ ಮೇಲೆ ಸಾಲಾಗಿ ಇಟ್ಟೆ. "ನೋಡು, ಎಲ್ಲದ್ರಾಗೂ ಹಿಂಗೇ ಐತೆ. ಒಳ್ಳೇದು ಮಾಡಿದ್ರೆ ಅಮ್ಮ ಬರ್ತಾಳೆ. ನೀನೂ ದೇವ್ರ ಮುಂದೆ ಹಳದಿ ಬಟ್ಟೇಲಿ ಕಟ್ಟಿಟ್ಟಿದೀಯಲ್ಲ, ಹಂಗೆ."

ನಿಜ. ಮಗಳು ಗುಣವಾದರೆ ಬಂದು ಒಪ್ಪಿಸುತ್ತೇನೆಂದು ಮನೆದೇವರಿಗೆ ಹರಕೆ ಹೊತ್ತು, ಅರಿಶಿನದ ಬಟ್ಟೆಯಲ್ಲಿ ಚಿಲ್ಲರೆ ದುಡ್ಡು ಗಂಟು ಹಾಕಿ ದೇವರ ಗೂಡಿನಲ್ಲಿ ಮುಡಿಪು ಇಟ್ಟಿದ್ದೆ. ನೀನು ಅದನ್ನು ಕಂಡಿದ್ದೆ.

"ಅದು ದೇವ್ರಿಗೆ ಕಣೆ," ಎಂದೆ.

"ಇದೂ ದೇವ್ರೇ. ಸರಸ್ವತಿ ಅಂತ ನೀನೇ ಹೇಳಿದ್ದು."

ಅದೂ ನಿಜ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕೆಂದು ನನಗೆ ನನ್ನವ್ವ ಕಲಿಸಿದ್ದು, ನಾನು ಮಂಜುಳನಿಗೆ ಕಲಿಸಿದ್ದು, ಮಂಜುಳ ನಿಮಗೆ ಕಲಿಸಿದ್ದು. ಓದು ಬಾರದ ನನ್ನವ್ವ ಕೂಡ ದಾರಿಯಲ್ಲಿ ಬಿದ್ದ ಅಚ್ಚಿನ ಕಾಗದವನ್ನು ತುಳಿಯುತ್ತಿರಲಿಲ್ಲ, ಪಕ್ಕಕ್ಕೆ ಎತ್ತಿಡುತ್ತಿದ್ದಳು. ಹಾಗೆ ಬೆಳೆದ ನಾನು ಪುಸ್ತಕ ಹೇಳುವುದೆಲ್ಲ ಹಾಗೆಯೇ ನಡೆಯುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ಮುಡಿಪು ಕಟ್ಟಿದ ಕೈ ಯಾವ ಮುಖದಲ್ಲಿ ನಿನ್ನ ಕೈ ಹಿಡಿಯಲಿ? ಉಂಡೆಯಲ್ಲಿ ಅರ್ಧ ಮುರಿದು ನಿನ್ನ ಬಾಯಿಗಿಟ್ಟೆ. ನೀನು ಬಾಯಿ ತೆರೆಯಲಿಲ್ಲ.

ಅವತ್ತಿನಿಂದ ನೋಡುತ್ತಾ ಬಂದೆ. ನೀನು ಕರೆಯುವ ಮೊದಲೇ ಎದ್ದು ಬರುತ್ತಿದ್ದೆ. ಚಿರು ಕೂದಲು ಹಿಡಿದೆಳೆದರೂ ಸುಮ್ಮನಿರುತ್ತಿದ್ದೆ. ತಟ್ಟೆಯಲ್ಲಿ ಒಂದಗುಳು ಬಿಡುತ್ತಿರಲಿಲ್ಲ. ಬಂದುಹೋಗುವವರೆಲ್ಲ ಹೊಗಳುವವರೇ. ಹೊಗಳಿದಾಗಲೆಲ್ಲ ನಿನ್ನ ಕಣ್ಣು ಬಾಗಿಲ ಕಡೆ ಹೋಗುತ್ತಿದ್ದುದನ್ನು ಅವರು ಕಾಣಲಿಲ್ಲ.

ನಿನಗೆ ಇನ್ನೊಂದು ಜಾಗ ಸಿಕ್ಕಿದ್ದು ಈರಮ್ಮನ ರೊಪ್ಪ. ಅವಳ ಗಂಡ ಕಾಟಣ್ಣ ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋದರೆ ಬರುವುದು ಸಂಜೆಗೆ. ಎಳೆ ಮರಿಗಳು ಅಷ್ಟು ದೂರ ನಡೆಯಲಾರವು, ಮಳೆಗೆ ನಡುಗುತ್ತವೆ, ನಾಯಿಗಳ ಕಾಟ ಬೇರೆ. ಅದಕ್ಕೇ ತಾಯಂದಿರು ಮೇಯಲು ಹೋಗುವಾಗ ಮರಿಗಳನ್ನು ಮಂಕರಿಯಡಿ ಮುಚ್ಚಿ ಮೇಲೆ ಕಲ್ಲು ಹೇರುತ್ತಾರೆ. ಸಂಜೆ ಕುರಿಗಳು ಕೆಚ್ಚಲು ತುಂಬಿಕೊಂಡು ಕೂಗುತ್ತಾ ಬರುತ್ತಿದ್ದಂತೆ ಈರಮ್ಮ ಮಂಕರಿ ಎತ್ತುವಳು. ಅಷ್ಟೂ ಮರಿಗಳು ಒಟ್ಟಿಗೆ ನುಗ್ಗುತ್ತವೆ. ಅಷ್ಟು ದೊಡ್ಡ ಗದ್ದಲದಲ್ಲಿ ಒಂದೊಂದೂ ತನ್ನ ತಾಯಿಯ ಹೊಟ್ಟೆಯಡಿಗೇ ಹೋಗಿ ನಿಲ್ಲುತ್ತದೆ. ಅದನ್ನು ನೋಡಲೆಂದೇ ನೀನು ದಿನಾ ಸಂಜೆ ನನ್ನ ಸೆರಗು ಹಿಡಿದು ಎಳೆಯುತ್ತಿದ್ದೆ, "ಹೋಗಾಣ ಬಾ ಅಜ್ಜಿ, ಮರಿ ಬಿಡಾ ಹೊತ್ತಾತು" ಎಂದು.

"ಹೆಂಗೆ ಗುರ್ತು ಹಿಡೀತವೆ ಈರಮ್ಮಜ್ಜಿ?"

"ದನಿ ಕಣವ್ವ. ಆಮ್ಯಾಕೆ ವಾಸ್ನೆ. ಹೆತ್ತೋಳ ವಾಸ್ನೆ ಮರೀತದಾ? ನೀನು ಮರೀತೀಯಾ?"

ಈರಮ್ಮ ಸುಮ್ಮನೆ ಅಂದದ್ದು. ನೀನು ಮನೆಗೆ ಬಂದು ಬ್ಯಾಗಿನೊಳಗೆ ಮುಖವಿಟ್ಟು ಪುಸ್ತಕಗಳನ್ನು ಮೂಸಿ ನೋಡಿದೆ.

ಆಮೇಲೆ ಆ ವಿಡಿಯೊ ಕಾಲ್. ಮಂಜುಳ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಬಟ್ಟೆಯಡಿ ಕೂದಲಿಲ್ಲವೆಂದು ನನಗೆ ತಿಳಿಯಿತು. ಮುಖ ಊದಿ ಬೇರೆಯದೇ ಆಗಿತ್ತು. ಚಿರು ನನ್ನ ಕುತ್ತಿಗೆ ಅಪ್ಪಿಕೊಂಡು, "ಅಮ್ಮ ಅಲ್ಲ, ಅಮ್ಮ ಅಲ್ಲ" ಎಂದು ಅತ್ತ. ಅವನದೇನು ತಪ್ಪು, ಮೂರು ವರ್ಷದ ಕೂಸು. ಮಂಜುಳ ನಗಲು ನೋಡಿದಳು. ಫೋನ್ ಅಲ್ಲಾಡಿ ಮೇಲ್ಛಾವಣಿಯ ಫ್ಯಾನು ಕಾಣಿಸಿತು, ಕಾಲ್ ಕಟ್ಟಾಯಿತು. ನೀನು ಅಳಲಿಲ್ಲ. ಹೋಗಿ ಕೋಳಿಮರಿಯ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟು "ಓದು" ಎಂದೆ. ನಾನು ಓದಿದೆ. ಮುಗಿದ ಮೇಲೆ ನೀನು ಇನ್ನೊಂದು ಸಲ ಓದಿಸಿದೆ.

ಮರುದಿನ ಮಧ್ಯಾಹ್ನ ಈರಮ್ಮ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದಳು. ನಾನು ಚಿರುವನ್ನು ಮಲಗಿಸುತ್ತಾ ಕಣ್ಣು ಮುಚ್ಚಿದ್ದೆ. ಜಿನುಗು ಮಳೆ. ನೀನು ರೊಪ್ಪಕ್ಕೆ ಹೋಗಿ, ಮಂಕರಿಯ ಮೇಲಿನ ಕಲ್ಲನ್ನು ಉರುಳಿಸಿ, ಎರಡೂ ಕೈಯಲ್ಲಿ ಮಂಕರಿ ಎತ್ತಿ ಮರಿಗಳನ್ನು ಬಿಟ್ಟೆ. ಒಂದನ್ನು ಲಂಗದ ಮಡಿಲಲ್ಲಿ ಹಾಕಿಕೊಂಡು ಕುರಿಗಳು ಹೋದ ದಾರಿಯಲ್ಲಿ ಮುಂದೆ ಹೊರಟೆಯಂತೆ, ಉಳಿದವು ಹಿಂದೆ ಬರಲಿ ಎಂದು.

ಕೂಗು ಕೇಳಿ ನಾನು ಓಡಿ ಹೋಗುವಷ್ಟರಲ್ಲಿ ಈರುಳ್ಳಿ ಹೊಲದ ಬದುವಿನಲ್ಲಿ ನಾಯಿಗಳು ಸೇರಿದ್ದವು. ಹಾದಿಯವರು ಕಲ್ಲು ಬೀಸಿ ಓಡಿಸಿದರು. ಮರಿಗಳನ್ನೆಲ್ಲ ಒಂದೊಂದಾಗಿ ಹಿಡಿದು ತಂದೆವು. ಒಂದು ಮಾತ್ರ ಬದುಕಲಿಲ್ಲ. ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಮರಿ, ನೀನು ದಿನಾ ಮುಟ್ಟಿ ಮಾತಾಡಿಸುತ್ತಿದ್ದುದು.

ಈರಮ್ಮ ಬಂದವಳೇ ಅಕ್ಕಿಯ ಚೀಲ ಎಸೆದು ಕೂಗಾಡಿದಳು. "ಯಾವನ್ಲೇ ಅವ್ನು ಮಂಕರಿ ಎತ್ತಿದ್ದು? ಅವ್ನ ಕೈ ಸೇದೋಗ!"

ನಾನು ನಿನ್ನನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲು ನೋಡಿದೆ. ನೀನು ಬಿಡಿಸಿಕೊಂಡು ಅವಳ ಮುಂದೆ ಹೋಗಿ ನಿಂತೆ. ಕರಡಿಮರಿ ನಿಂತ ಹಾಗೆಯೇ, ಕೈ ಎರಡನ್ನೂ ಹಿಂದೆ ಕಟ್ಟಿಕೊಂಡು. "ನಾನೇ ಈರಮ್ಮಜ್ಜಿ."

ಅವಳ ಎತ್ತಿದ ಕೈ ಅಲ್ಲೇ ನಿಂತಿತು. "ಯಾಕವ್ವ? ಯಾಕೆತ್ತಿದೆ?"

"ಅವ್ರಮ್ಮನ ಹತ್ರ ಹೋಗ್ಲಿ ಅಂತ."

ಈರಮ್ಮ ಕುಕ್ಕರಗಾಲಲ್ಲಿ ಕೂತು, ಕೆಸರಾದ ನಿನ್ನ ಕೈಗಳನ್ನು ತನ್ನ ಸೀರೆಗೆ ಒರೆಸಿದಳು. ನನ್ನ ಕಡೆ ತಿರುಗಿ, "ಕರ್ಕಂಡು ಹೋಗು ಗಂಗಕ್ಕ, ಮಗು ನೆನೀತೈತೆ. ಮರಿ ಏನು, ಇನ್ನೊಂದು ಹುಟ್ತೈತೆ" ಎಂದಳು. ನಷ್ಟಕ್ಕೆ ಏನಾದರೂ ಕೊಡುತ್ತೇನೆ ಎಂದರೆ, "ಸುಮ್ನಿರು, ನಂಗೂ ಮೊಮ್ಮಕ್ಳವೆ" ಎಂದು ಗದರಿದಳು.

ಸಂಜೆ ಕುರಿಗಳು ಬಂದವು. ಎಲ್ಲ ಮರಿಗಳೂ ತಾಯಂದಿರಡಿ ಸೇರಿದ ಮೇಲೂ ಒಂದು ಕುರಿ ಕೂಗುತ್ತಾ ರೊಪ್ಪ ಸುತ್ತಿತು. ಖಾಲಿ ಮಂಕರಿಯ ಹತ್ತಿರ ಬಂದು ಮೂಸಿ ಮತ್ತೆ ಸುತ್ತಿತು. ಅದರ ದನಿ ನಮ್ಮ ಮನೆಗೆ ಕೇಳುತ್ತಿತ್ತು. ನೀನು ಬಾಗಿಲ ಹತ್ತಿರ ನಿಂತು ಕೇಳಿದೆ.

"ಅಜ್ಜಿ, ಈಗ ಅಮ್ಮ ಬರಲ್ವಾ?"

"ಹಂಗಲ್ಲ ಕಣವ್ವ. ಮರಿಗೂ ಅಮ್ಮಂಗೂ ಏನೂ ಸಂಬಂಧ ಇಲ್ಲ."

"ಪುಸ್ತಕದಾಗೆ ಐತಲ್ಲ."

ನನ್ನ ಮಾತು ಅಚ್ಚಾದ ಮಾತಲ್ಲ, ಅದಕ್ಕೆ ಬಣ್ಣವಿಲ್ಲ, ಹಳದಿ ಚೌಕವಿಲ್ಲ.

ಮಾರನೆಯ ದಿನ ನೀನು ಆನೆಮರಿಯ ಹಾಗೆ ಆ ಕುರಿಯ ಹತ್ತಿರ ಹೋಗಿ ತಲೆ ಬಗ್ಗಿಸಿ "ತಪ್ಪಾಯ್ತು" ಎಂದೆ. ಅಂಗೈಯಲ್ಲಿ ಶೇಂಗಾ ಹಿಡಿದಿದ್ದೆ. ಕುರಿ ಶೇಂಗಾ ತಿಂದು, ನಿನ್ನ ಕೈ ಮೂಸಿ, ಮತ್ತೆ ಕೂಗಿತು. ರೊಪ್ಪದಲ್ಲಿ ಒಂದು ತಬ್ಬಲಿ ಮರಿಯಿತ್ತು, ಅದರ ತಾಯಿ ಹೆರುವಾಗಲೇ ಸತ್ತಿತ್ತು. ಈರಮ್ಮ ಮರಿ ಕಳೆದುಕೊಂಡ ಕುರಿಯ ಹಾಲನ್ನೇ ಹಿಂಡಿ ತಬ್ಬಲಿಯ ಮೈಗೆಲ್ಲ ಸವರಿ ಅದರ ಕೆಚ್ಚಲಿಗೆ ಹಿಡಿದಳು.

"ಒಪ್ಕಂತೈತಾ ಈರಮ್ಮಜ್ಜಿ?"

"ನೋಡಾಣ ತಾಯಿ. ಕೆಲವು ಒಪ್ತವೆ, ಕೆಲವು ಇಲ್ಲ."

ದಿನಾ ಹೋಗಿ ನೋಡಿದೆವು. ಕುರಿ ಮೂಸುವುದು, ತಲೆಯಲ್ಲಿ ನೂಕುವುದು, ಒದೆಯುವುದು. ಪುಸ್ತಕವಾಗಿದ್ದರೆ ಕೊನೆಯ ಪುಟದ ಹೊತ್ತಿಗೆ ಒಪ್ಪಿಕೊಳ್ಳುತ್ತಿತ್ತು. ನಾನೂ ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ, ಈ ಮಗುವಿನ ಕಣ್ಣ ಮುಂದೆ ಇದೊಂದಾದರೂ ಕೂಡಿಬರಲಿ ಎಂದು. ಆ ಕುರಿ ಒಪ್ಪಲಿಲ್ಲ. ಹಾಲು ಬತ್ತಿತು, ಕೂಗು ನಿಂತಿತು, ಅದು ಮಂದೆಯ ಜೊತೆ ಮೇಯಲು ಹೋಯಿತು. ತಬ್ಬಲಿಗೆ ಈರಮ್ಮ ಬಾಟಲಿಯಲ್ಲಿ ಹಾಲು ಹಾಕಿ ಸಾಕಿದಳು.

ನಾನು ನಿಮ್ಮನ್ನು ಈರಮ್ಮನ ಹತ್ತಿರ ಬಿಟ್ಟು ದಾವಣಗೆರೆಗೆ ಹೋದೆ. ಮಂಜುಳ ತಾನೇ ಫೋನಿನಲ್ಲಿ ನಿನಗೆ ಒಂದು ಮಾತು ಹೇಳಿದರೆ ಸಾಕು, ನೀನು ನಂಬುತ್ತೀಯ ಎಂದು ನನ್ನ ಆಸೆ. ಅವಳ ಬಾಯಿಯ ತುಂಬ ಹುಣ್ಣು. ನಾನು ಮಂಚದ ಪಕ್ಕ ನಿಂತು, ಮರಿಯ ಸಂಗತಿ, ಉಂಡೆಯ ಸಂಗತಿ, ಕೊನೆಯ ಪುಟದ ಸಂಗತಿ ಎಲ್ಲ ಹೇಳಿದೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದು ಅದೊಂದೇ ಸಲ. ಅವಳ ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯಿತು. ಬಗ್ಗು ಎಂದು ಸನ್ನೆ ಮಾಡಿದಳು. ಕಿವಿಯಲ್ಲಿ ಉಸಿರಿನಷ್ಟೇ ದನಿಯಲ್ಲಿ ಹೇಳಿದಳು:

"ಅಷ್ಟೊಂದು ಒಳ್ಳೇಳಾಗದು ಬ್ಯಾಡ ಅನ್ನವ್ವ. ಹಟ ಮಾಡ್ಲಿ. ಕಿರುಚ್ಲಿ. ನಂಗೆ ಹಟ ಮಾಡೋ ಇಂಚರಾನೇ ಇಷ್ಟ."

ನಿಮ್ಮ ಸೋದರತ್ತೆ, ದನಿ ಬಂದ ದಿನ ಫೋನಿನಲ್ಲಿ ಮಾತಾಡಿಸುತ್ತೇನೆ ಎಂದಳು. ಅವಳು ಬಿಡದೆ ಕಾದಳು. ದನಿ ಬರಲಿಲ್ಲ.

ನಾನು ಊರಿಗೆ ಬಂದವಳೇ, ಕೈಕಾಲು ತೊಳೆಯುವ ಮೊದಲೇ ಆ ಮಾತನ್ನು ನಿನಗೆ ಹೇಳಿದೆ. ನೀನು ಪೂರ್ತಿ ಕೇಳಿಸಿಕೊಂಡು ತಲೆಯಾಡಿಸಿದೆ. "ಅಮ್ಮ ಹಂಗೆ ಅಂದಿರಲ್ಲ ಅಜ್ಜಿ," ಎಂದೆ. "ಆ ಪುಸ್ತಕ ಎಲ್ಲ ತಂದಿದ್ದು ಅಮ್ಮನೇ ಅಲ್ವಾ?"

ದೀಪಾವಳಿಗೆ ಇನ್ನೂ ಸ್ವಲ್ಪ ದಿನವಿದ್ದಾಗ ನಿಮ್ಮಮ್ಮನನ್ನು ಹೊಳಲ್ಕೆರೆಯ ಮನೆಗೆ ತಂದರು. ನಾವು ಮೂವರೂ ಬಸ್ಸಿನಲ್ಲಿ ಬಂದೆವು. ನೀನು ಬ್ಯಾಗು ಹೊತ್ತುಕೊಂಡೇ ಬಂದೆ, ದಾರಿಯುದ್ದಕ್ಕೂ ತೊಡೆಯಿಂದ ಇಳಿಸಲಿಲ್ಲ. ಮನೆಯ ಮುಂದೆ ಜನ ಕಂಡ ಮೇಲೆ ಇಳಿಸಿದೆ. ಅಲ್ಲಿಂದಾಚೆಗೆ ನನಗೆ ಹೆಚ್ಚು ನೆನಪಿಲ್ಲ, ಇರುವುದನ್ನು ಬರೆಯುವ ಶಕ್ತಿಯೂ ಇಲ್ಲ. ಎಲ್ಲರೂ ಅತ್ತೆವು. ನೀನು ತಮ್ಮನ ಕೈ ಹಿಡಿದು ಮೂಲೆಯಲ್ಲಿ ನಿಂತಿದ್ದೆ, ಅವನಿಗೆ ನೀರು ಬೇಕೇ ಎಂದು ಕೇಳುತ್ತಿದ್ದೆ. ಯಾರೋ, "ಎಂಥ ಒಳ್ಳೆ ಹುಡುಗಿ ನೋಡ್ರಿ" ಎಂದರು. ನನಗೆ ಎದ್ದು ಹೋಗಿ ಅವರ ಬಾಯಿ ಮುಚ್ಚಬೇಕೆನ್ನಿಸಿತು.

ನಾನು ಇಲ್ಲೇ ಉಳಿದೆ. ಪುಸ್ತಕಗಳನ್ನು ನೀನು ಮತ್ತೆ ತೆರೆಯಲಿಲ್ಲ. ಚಿರು ಕೇಳಿದರೆ ತೆಗೆದುಕೊಡುತ್ತೀಯ, ನೀನು ಹತ್ತಿರ ಕೂರುವುದಿಲ್ಲ. ಈಗ ನೀನು ನಾಲ್ಕನೇ ತರಗತಿ. ಶಾಲೆಯಲ್ಲಿ ಒಳ್ಳೆಯ ನಡತೆಗೆಂದು ನಿನಗೆ ಬಹುಮಾನ ಕೊಟ್ಟರು. ನಿಮ್ಮಪ್ಪ ಅದನ್ನು ಟಿವಿಯ ಮೇಲಿಟ್ಟಿದ್ದಾನೆ. ದಿನಾ ಅದರ ಧೂಳು ಒರೆಸುವವಳು ನಾನು. ನೀನು ಒಮ್ಮೆಯಾದರೂ ಅನ್ನದ ತಟ್ಟೆ ನೂಕಿಲ್ಲ, ಬಾಗಿಲು ಬಡಿದಿಲ್ಲ, ನನಗದು ಬೇಕು ಎಂದು ನೆಲಕ್ಕೆ ಬಿದ್ದು ಹೊರಳಿಲ್ಲ. ಹೇಳೋಣವೆಂದು ಎಷ್ಟೋ ಸಲ ಬಾಯಿ ತೆರೆದೆ. ನನ್ನ ಮುಖ ನೋಡುತ್ತಲೇ ನೀನು, "ಪಾತ್ರೆ ತೊಳೀಲಾ ಅಜ್ಜಿ?" ಎಂದು ಎದ್ದುಹೋಗುತ್ತೀಯ.

ಕಳೆದ ವಾರ ಯಲ್ಲದಕೆರೆಯ ಮನೆಯಲ್ಲಿ, ದೇವರ ಗೂಡಿನೊಳಗೆ, ಆ ಮುಡಿಪು ಹಾಗೇ ಇತ್ತು. ದೇವರಿಗೆ ಒಪ್ಪಿಸುವಂತಿಲ್ಲ, ಹರಕೆ ಕೂಡಿಬರಲಿಲ್ಲ. ಬಿಚ್ಚಲು ಇಷ್ಟು ದಿನ ಹೆದರಿದ್ದೆ. ಅವತ್ತು, ಈರಮ್ಮನ ರೊಪ್ಪದಿಂದ ಬಂದ ಮೇಲೆ, ದೀಪ ಹಚ್ಚಿ ಕೂತು ಗಂಟು ಬಿಚ್ಚಿದೆ. ಬಿಗಿದುಹೋಗಿತ್ತು, ಹಲ್ಲಿನಲ್ಲಿ ಬಿಡಿಸಬೇಕಾಯಿತು. ಆ ದುಡ್ಡಿಗೆ ಹಿರಿಯೂರಿನ ಬಸ್ ನಿಲ್ದಾಣದಲ್ಲಿ ನಿಮ್ಮಿಬ್ಬರಿಗೂ ಸೀಬೆಹಣ್ಣು ಕೊಂಡೆ. ಮನೆಗೆ ಬಂದು ಕೊಟ್ಟರೆ, ಇಂಚರಾ, ನೀನು ಎರಡನ್ನೂ ಅಂಗೈಯಲ್ಲಿಟ್ಟು ತೂಗಿ ನೋಡಿ ದೊಡ್ಡದನ್ನು ಚಿರುವಿಗೆ ಕೊಟ್ಟೆ. ಆಮೇಲೆ ಬಾಗಿಲ ಕಡೆ ನೋಡಿದೆ. ನಿನಗೇ ಗೊತ್ತಾಗದ ಹಾಗೆ ನೋಡಿದೆ.

ಒಂದು ಸಂಗತಿ ನಿನಗೆ ಗೊತ್ತಿಲ್ಲ. ಈರುಳ್ಳಿ ಕೊಳೆಯಲು ಶುರುವಾದಾಗ ನಿಮ್ಮಪ್ಪ ಒಂದು ಬೆಳಿಗ್ಗೆ ಬಂದು ಹೋದನಲ್ಲ, ನಿನಗೆ ಹೊಸ ಚಪ್ಪಲಿ ತಂದಿದ್ದ. ಅವತ್ತು ಅವನು ಹಿತ್ತಿಲ ನಲ್ಲಿಯ ಹತ್ತಿರ ನಿಂತು ನನಗೆ ಹೇಳಿದ: "ಔಷಧಿ ಹಿಡೀತಿಲ್ವಂತೆ ಅತ್ತೆ. ಡಾಕ್ಟ್ರು ಕೈಚೆಲ್ಲಿದ್ರು." ನೀನು ಮಂಕರಿ ಎತ್ತಿದ್ದು ಅದಾದ ಮೇಲೆ. ಆ ಹೊಸ ಚಪ್ಪಲಿಯಲ್ಲೇ ನೀನು ರೊಪ್ಪಕ್ಕೆ ಹೋಗಿದ್ದೆ, ಕೆಸರಾದದ್ದನ್ನು ನಾನೇ ತೊಳೆದೆ. ನೆನಪು ಮಾಡಿಕೋ. ಚಪ್ಪಲಿ ಮೊದಲು, ಮರಿ ಆಮೇಲೆ. ನೀನು ಉಂಡೆ ಕೊಡದಿದ್ದರೂ, ಕೊಟ್ಟರೂ, ಮಂಕರಿ ಎತ್ತದಿದ್ದರೂ ಆಗುವುದು ಅದೇ ಆಗಿತ್ತು. ನಿಮ್ಮಮ್ಮ ಬರಬೇಕೆಂದು ನೀನು ಮಾಡಿದಷ್ಟನ್ನು ಯಾರೂ ಮಾಡಲಿಲ್ಲ. ನಾನು ಮಾಡಿದ್ದು ಬರೀ ಒಂದು ಗಂಟು.

ಇದನ್ನು ಓದಿದ ಮೇಲೂ ನೀನು ನಂಬುತ್ತೀಯೋ ಇಲ್ಲವೋ, ನನ್ನ ಕೈಯಲ್ಲಿಲ್ಲ. ನಿಮ್ಮಮ್ಮ ನನ್ನ ಕಿವಿಯಲ್ಲಿ ಹೇಳಿದ ಮಾತು ಮೇಲೆ ಬರೆದಿದ್ದೇನೆ, ಅವಳು ಹೇಳಿದ ಹಾಗೆಯೇ.

ಇಂಚರಾ, ಚಿರೂ, ಈ ಹಾಳೆಗಳನ್ನು ಅದೇ ಬ್ಯಾಗಿನಲ್ಲಿ, ಕೋಳಿಮರಿಯ ಪುಸ್ತಕದ ಕೊನೆಯ ಪುಟದಾಚೆ ಇಡುತ್ತೇನೆ. ಮಳೆ ನೀರು ತಾಗದ ಹಾಗೆ ನೋಡಿಕೊಳ್ಳಿ, ಮನೆ ಬದಲಾಯಿಸಿದರೆ ಮರೆಯದೆ ಜೊತೆಗೆ ಒಯ್ಯಿರಿ. ಇದರಲ್ಲಿ ನೀತಿಯಿಲ್ಲ. ಎಂದಾದರೂ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳಬೇಡಿ. ಎತ್ತಿ, ಕೊಡವಿ, ಇದ್ದ ಜಾಗದಲ್ಲೇ ಮತ್ತೆ ಜೋಪಾನವಾಗಿ ಇಟ್ಟರೆ ಸಾಕು.